ಅನುಭವ ಹೆಚ್ಚಿದರೆ ಸಂಬಳ ಇಳಿಯುತ್ತದೆಯೇ?

ಪ್ರಶ್ನೆ: ನಮ್ಮ ಕಾರ್ಖಾನೆಯ 180 ನೌಕರರ ತಿಂಗಳ ಸಂಬಳವನ್ನು ವಯಸ್ಸು, ಓದಿದ ವರ್ಷ, ಅನುಭವ, ವಿಭಾಗ ಇವುಗಳಿಂದ ಅಂದಾಜಿಸಲು ಎಕ್ಸೆಲ್‌ನಲ್ಲಿ ಮಲ್ಟಿಪಲ್ ರಿಗ್ರೆಷನ್ ಮಾಡಿದೆ. ನಾಲ್ಕು ವಿಭಾಗಗಳಿಗೆ 1, 2, 3, 4 ಎಂದು ಕೊಟ್ಟಿದ್ದೇನೆ. ಆರ್-ಸ್ಕ್ವೇರ್ (ಸಂಬಳದ ಏರುಪೇರಿನಲ್ಲಿ ಸೂತ್ರ ವಿವರಿಸುವ ಪಾಲು) 0.71 ಬಂತು, ಆದರೆ ಅನುಭವದ ಗುಣಾಂಕ ಋಣಾತ್ಮಕ. ಎಲ್ಲಿ ತಪ್ಪಿದೆ?
– ಓದುಗರು, ಹುಬ್ಬಳ್ಳಿ

ಉತ್ತರ: ತಪ್ಪಿರುವುದು ವಯಸ್ಸಿನ ಕಾಲಂನಲ್ಲಿ. ಆರನೇ ವಯಸ್ಸಿಗೆ ಶಾಲೆ ಸೇರಿ 15 ವರ್ಷ ಓದಿದವರಿಗೆ 40 ತುಂಬುವಾಗ ಅನುಭವ ಹೆಚ್ಚುಕಡಿಮೆ 19 ವರ್ಷವೇ ಆಗಿರುತ್ತದೆ. ಮೂರರಲ್ಲಿ ಎರಡು ಗೊತ್ತಾದರೆ ಮೂರನೆಯದೂ ಗೊತ್ತಾದಂತೆ. ಗುಣಾಂಕ ಹೇಳುವುದು 'ವಯಸ್ಸು, ಓದು, ವಿಭಾಗ ಒಂದೇ ಇದ್ದು, ಅನುಭವ ಮಾತ್ರ ಒಂದು ವರ್ಷ ಹೆಚ್ಚಾದರೆ' ಏನಾಗುತ್ತದೆ ಎಂದು. ಅಂಥ ಜೋಡಿಗಳು ನಿಮ್ಮ ಪಟ್ಟಿಯಲ್ಲಿ ಬೆರಳೆಣಿಕೆಯಷ್ಟೇ ಇರುವುದರಿಂದ ಚಿಹ್ನೆ ಅತ್ತಿತ್ತ ಹೊರಳುತ್ತದೆ. ಅನುಭವವನ್ನೇ ಉತ್ತರದ ಜಾಗದಲ್ಲಿಟ್ಟು ಉಳಿದ ಕಾಲಂಗಳಿಂದ ಅಂದಾಜಿಸಿ ನೋಡಿ. ಅಲ್ಲಿ ಆರ್-ಸ್ಕ್ವೇರ್ 0.9 ಬಂದರೆ ವಿಐಎಫ್ (ಉಳಿದ ಕಾಲಂಗಳೊಂದಿಗಿನ ನಂಟು ಗುಣಾಂಕದ ಅನಿಶ್ಚಿತತೆಯನ್ನು ಎಷ್ಟು ಹಿಗ್ಗಿಸುತ್ತದೆ ಎನ್ನುವ ಅಳತೆ) 10: 1ನ್ನು (1 − 0.9)ರಿಂದ ಭಾಗಿಸಿದಷ್ಟು. ಆಗ ಆ ಗುಣಾಂಕವನ್ನು ನಂಬುವಂತಿಲ್ಲ.

ವಯಸ್ಸನ್ನು ಕೈಬಿಡಿ. ಅರ್ಥಶಾಸ್ತ್ರಜ್ಞ ಜೇಕಬ್ ಮಿನ್ಸರ್ 1974ರಲ್ಲಿ ಅಮೆರಿಕದ ಗಳಿಕೆಯನ್ನು ವಿಶ್ಲೇಷಿಸಿದಾಗ ಜನಗಣತಿಯಲ್ಲಿ ಅನುಭವದ ಲೆಕ್ಕ ಇರಲಿಲ್ಲ. ವಯಸ್ಸಿನಿಂದ ಓದನ್ನೂ ಶಾಲೆಗೆ ಮುಂಚಿನ ವರ್ಷಗಳನ್ನೂ ಕಳೆದು ಅದನ್ನು ಊಹಿಸಬೇಕಾಯಿತು. ನಿಮ್ಮ ಬಳಿ ನಿಜವಾದ ಅನುಭವವೇ ಇದೆ, ಅದು ದೊಡ್ಡ ಅನುಕೂಲ.

ಅವರ ಇನ್ನೆರಡು ಉಪಾಯಗಳನ್ನು ಮಾತ್ರ ಹಾಗೆಯೇ ತೆಗೆದುಕೊಳ್ಳಿ. ಸಂಬಳದ ಬದಲು ಅದರ ಲಾಗ್ (ಎಕ್ಸೆಲ್‌ನ ಎಲ್‌ಎನ್ ಸೂತ್ರ) ಬಳಸಿ. ಇಲ್ಲವಾದರೆ ಕೆಲವರ ದೊಡ್ಡ ಸಂಬಳವೇ ಗೆರೆಯನ್ನು ತನ್ನತ್ತ ಎಳೆಯುತ್ತದೆ. ಅನುಭವದ ಜೊತೆಗೆ ಅದರ ವರ್ಗವನ್ನೂ (ಅನುಭವ × ಅನುಭವ) ಸೇರಿಸಿ. ಉದಾಹರಣೆಗೆ ಅನುಭವದ ಗುಣಾಂಕ 0.05, ವರ್ಗದ್ದು −0.001 ಬಂತೆನ್ನಿ. ಶುರುವಿನಲ್ಲಿ ವರ್ಷಕ್ಕೆ ಸುಮಾರು ಶೇ 5 ಏರಿಕೆ, ಹತ್ತನೇ ವರ್ಷದ ಹೊತ್ತಿಗೆ ಶೇ 3, 25ಕ್ಕೆ ನಿಂತೇ ಹೋಗುತ್ತದೆ. ವರ್ಗ ಸೇರಿದಾಗಲೂ ವಿಐಎಫ್ ಏರುತ್ತದೆ. ಎರಡನ್ನೂ ಒಟ್ಟಿಗೇ ಓದುವುದರಿಂದ ಅದಕ್ಕೆ ಗಾಬರಿ ಬೇಡ.

ವಿಭಾಗಗಳಿಗೆ 1ರಿಂದ 4 ಕೊಟ್ಟರೆ ನಾಲ್ಕನೆಯದು ಮೊದಲನೆಯದಕ್ಕಿಂತ ಮೂರು ಮೆಟ್ಟಿಲು ಮೇಲೆ ಎಂದು ಲೆಕ್ಕ ಭಾವಿಸುತ್ತದೆ. ಒಂದು ವಿಭಾಗವನ್ನು ಆಧಾರವಾಗಿಟ್ಟು ಉಳಿದ ಮೂರಕ್ಕೆ 0–1 ಕಾಲಂ ಮಾಡಿ. ನಾಲ್ಕಕ್ಕೂ ಮಾಡಿದರೆ ಅವುಗಳ ಮೊತ್ತ ಸದಾ 1 ಆಗಿ, ಲೆಕ್ಕ ಒಂದೇ ಉತ್ತರಕ್ಕೆ ನಿಲ್ಲುವುದಿಲ್ಲ.

ಕೊನೆಗೆ, ಅದೇ 180 ಜನರ ಮೇಲಿನ 0.71 ಅಂದಾಜಿನ ಪರೀಕ್ಷೆಯಲ್ಲ. 36 ಜನರನ್ನು ಚೀಟಿ ಎತ್ತಿದಂತೆ ಬದಿಗಿಟ್ಟು, 144 ಜನರಿಂದ ಸೂತ್ರ ಕಟ್ಟಿ, ಆ 36ರಲ್ಲಿ ಸರಾಸರಿ ಎಷ್ಟು ರೂಪಾಯಿ ತಪ್ಪುತ್ತದೆ ನೋಡಿ. ಲಾಗ್‌ನಿಂದ ರೂಪಾಯಿಗೆ ಮರಳುವಾಗ ಸಿಗುವುದು ಮಧ್ಯಾಂಕ (ಸಂಬಳಗಳನ್ನು ಸಾಲಾಗಿ ಜೋಡಿಸಿದಾಗ ನಡುವೆ ಬರುವುದು). ಸರಾಸರಿ ಬೇಕಿದ್ದು, ಇಡೀ ಸೂತ್ರದ ಸ್ಟ್ಯಾಂಡರ್ಡ್ ಎರರ್ (ಲಾಗ್ ಲೆಕ್ಕದಲ್ಲಿ ಅಂದಾಜು ಸಾಮಾನ್ಯವಾಗಿ ತಪ್ಪುವ ಪ್ರಮಾಣ) 0.3 ಇದ್ದರೆ ಸುಮಾರು 1.046ರಿಂದ ಗುಣಿಸಿ.

ಪ್ರಶ್ನೆ: ಮಹಿಳೆಯರಿಗೆ ಕಡಿಮೆ ಸಂಬಳ ಕೊಡುತ್ತಿದ್ದೇವೆಯೇ ಎಂದು ರಿಗ್ರೆಷನ್‌ನಿಂದ ನೋಡಬೇಕು. ಹುದ್ದೆಯನ್ನೂ ಸೇರಿಸಬೇಕೇ?
– ಓದುಗರು, ಮೈಸೂರು

ಉತ್ತರ: ಸೇರಿಸಿ ಒಮ್ಮೆ, ಬಿಟ್ಟು ಒಮ್ಮೆ ಮಾಡಿ, ಎರಡನ್ನೂ ವರದಿಯಲ್ಲಿ ಇಡಿ. ಸೇರಿಸಿದಾಗ ತಿಳಿಯುವುದು ಒಂದೇ ಹುದ್ದೆಯಲ್ಲಿರುವವರ ನಡುವಿನ ಅಂತರ ಮಾತ್ರ. ಬಡ್ತಿಯಲ್ಲೇ ಮಹಿಳೆಯರನ್ನು ಹಿಂದಿಟ್ಟಿದ್ದರೆ ಹುದ್ದೆಯ ಕಾಲಂ ಆ ಅನ್ಯಾಯವನ್ನು ಮುಚ್ಚಿಬಿಡುತ್ತದೆ.