400 ಜಿಬಿ ಅಳಿಸಿದ ಮೇಲೂ ನ್ಯಾಸ್ ಫುಲ್ ಅಂತಲೇ ತೋರಿಸುತ್ತಿದೆ, ಯಾಕೆ?

ಎರಡು ಬೇ (ಡಿಸ್ಕ್ ಕೂರುವ ಗೂಡು) ಇರುವ ಸಿನಾಲಜಿ ಕಂಪನಿಯ ನ್ಯಾಸ್, ಅಂದರೆ ಮನೆಯ ನೆಟ್‌ವರ್ಕ್‌ಗೆ ಜೋಡಿಸಿ ಎಲ್ಲರೂ ಫೈಲ್ ಇಡುವ ಡಿಸ್ಕ್ ಪೆಟ್ಟಿಗೆ, 4 ಟಿಬಿಯ ಎರಡು ಡಿಸ್ಕ್, 96 ಪರ್ಸೆಂಟ್ ಭರ್ತಿ, 400 ಜಿಬಿ ಸಿನಿಮಾ ಅಳಿಸಿದರೂ ಅಂಕಿ ಅಲ್ಲಾಡಿಲ್ಲ ಅಂತ ಬರೆದಿದ್ದೀರಿ. ಸದ್ಯಕ್ಕೆ ಇನ್ನೇನನ್ನೂ ಅಳಿಸಬೇಡಿ. ಅಳಿಸಿದ್ದು ಇನ್ನೂ ಪೆಟ್ಟಿಗೆಯೊಳಗೇ ಇದೆ, ಎಲ್ಲಿ ಕೂತಿದೆ ಅಂತ ಹುಡುಕಬೇಕು ಅಷ್ಟೆ. (8 ಟಿಬಿ ಕೊಂಡು 3.5 ಮಾತ್ರ ಕಾಣುತ್ತಿದೆ ಅನ್ನುವ ನಿಮ್ಮ ಇನ್ನೊಂದು ಅನುಮಾನಕ್ಕೆ: ಒಂದು ಡಿಸ್ಕ್ ಇನ್ನೊಂದರ ನಕಲು, ಜೊತೆಗೆ ಕಂಪನಿಯವರ ಟಿಬಿ 1000ದ ಲೆಕ್ಕ, ನ್ಯಾಸ್ ನಡೆಸುವ ಸಾಫ್ಟ್‌ವೇರ್ ಡಿಎಸ್‌ಎಂನದು 1024ರ ಲೆಕ್ಕ. ಯಾವುದೂ ಕೆಟ್ಟಿಲ್ಲ.)

ಮೊದಲ ಅನುಮಾನ ರಿಸೈಕಲ್ ಬಿನ್ ಮೇಲೆ. ವಿಂಡೋಸ್‌ನಿಂದ ನೆಟ್‌ವರ್ಕ್ ಡ್ರೈವ್‌ನ ಫೈಲ್ ಅಳಿಸಿದರೆ ಅದು ಕಂಪ್ಯೂಟರಿನ ಕಸದಬುಟ್ಟಿಗೆ ಬರುವುದಿಲ್ಲ, ನ್ಯಾಸ್‌ನ ಬುಟ್ಟಿಗೆ ಹೋಗುತ್ತದೆ. ಅದೂ ಪ್ರತಿ ಶೇರ್ಡ್ ಫೋಲ್ಡರ್‌ಗೆ ಬೇರೆ ಬೇರೆ ಬುಟ್ಟಿ. ಅಡ್ಮಿನ್‌ಗೆ ಮಾತ್ರ ಅಂತ ಟಿಕ್ ಹಾಕಿದ್ದರೆ ಮನೆಯ ಉಳಿದವರಿಗೆ ಅದನ್ನು ತೆರೆಯಲೂ ಆಗದು. ಅಡ್ಮಿನ್ ಆಗಿ ಲಾಗಿನ್ ಆಗಿ ಕಂಟ್ರೋಲ್ ಪ್ಯಾನೆಲ್, ಶೇರ್ಡ್ ಫೋಲ್ಡರ್, ಎಡಿಟ್‌ಗೆ ಹೋದರೆ ಬಿನ್ ಖಾಲಿ ಮಾಡುವ ಬಟನ್ ಅಲ್ಲೇ ಇದೆ. ಒತ್ತುವ ಮೊದಲು ಮನೆಯಲ್ಲಿ ಒಂದು ಮಾತು ಕೇಳಿ, ಎಲ್ಲರೂ ಅಳಿಸಿದ್ದು ಒಟ್ಟಿಗೇ ಹೋಗುತ್ತದೆ. ಆಮೇಲೆ ಟಾಸ್ಕ್ ಶೆಡ್ಯೂಲರ್‌ನಲ್ಲಿ ರಿಸೈಕಲ್ ಬಿನ್ ಟಾಸ್ಕ್ ಒಂದನ್ನು ಮಾಡಿ, 30 ದಿನಕ್ಕಿಂತ ಹಳೆಯದನ್ನು ವಾರಕ್ಕೊಮ್ಮೆ ತೆಗೆಯುವಂತೆ ಇಟ್ಟುಬಿಡಿ.

ಬುಟ್ಟಿ ಖಾಲಿಯಾದ ಮೇಲೂ ಜಾಗ ಬರದಿದ್ದರೆ ಸ್ನ್ಯಾಪ್‌ಶಾಟ್ (ಫೋಲ್ಡರ್ ಒಂದು ಹೊತ್ತಿನಲ್ಲಿ ಹೇಗಿತ್ತೋ ಹಾಗೇ ಹಿಡಿದಿಟ್ಟ ಪ್ರತಿ) ಅಂತಲೇ ತಿಳಿಯಿರಿ. ಬಿಟಿಆರ್‌ಎಫ್‌ಎಸ್ (ಡಿಸ್ಕ್‌ನಲ್ಲಿ ಫೈಲ್ ಜೋಡಿಸಿಡುವ ಒಂದು ಪದ್ಧತಿ) ವಾಲ್ಯೂಮ್‌ನಲ್ಲಿ ಹೆಚ್ಚಿನ ಜನ ಎಡವುವುದು ಇಲ್ಲೇ. ಸ್ನ್ಯಾಪ್‌ಶಾಟ್ ತೆಗೆದ ಕ್ಷಣದಲ್ಲಿ ಅದು ಹೆಚ್ಚುಕಡಿಮೆ ಜಾಗವನ್ನೇ ತಿನ್ನುವುದಿಲ್ಲ. ಆದರೆ ಆ ಹೊತ್ತಿಗೆ ಫೋಲ್ಡರ್‌ನಲ್ಲಿದ್ದ ಬ್ಲಾಕ್‌ಗಳನ್ನೆಲ್ಲ (ಫೈಲ್ ಕೂತಿರುವ ಡಿಸ್ಕ್‌ನ ತುಣುಕುಗಳು) ಅದು ಹಿಡಿದುಕೊಂಡಿರುತ್ತದೆ. ನೀವು ಸಿನಿಮಾ ಅಳಿಸಿದಾಗ ಹೋಗುವುದು ಹೆಸರು ಮಾತ್ರ, ಬ್ಲಾಕ್ ಸ್ನ್ಯಾಪ್‌ಶಾಟ್‌ನ ಕೈಯಲ್ಲೇ ಉಳಿಯುತ್ತದೆ. ಒಂದು ಸಿನಿಮಾ 30 ಸ್ನ್ಯಾಪ್‌ಶಾಟ್‌ಗಳಲ್ಲಿ ಇದ್ದರೆ 29 ತೆಗೆದರೂ ಅದರ ಜಾಗ ಬಾರದು, ಮೂವತ್ತನೆಯದೂ ಹೋಗಬೇಕು. ಒಂದೆರಡು ತೆಗೆದು ನೋಡಿ, "ಇದರಿಂದ ಉಪಯೋಗವಿಲ್ಲ" ಅಂತ ಕೈಬಿಡುವವರು ಇದಕ್ಕೇ ಮೋಸ ಹೋಗುತ್ತಾರೆ.

ಸ್ನ್ಯಾಪ್‌ಶಾಟ್ ರೆಪ್ಲಿಕೇಶನ್ ಪ್ಯಾಕೇಜ್ ತೆರೆದು, ಸಿನಿಮಾ ಇದ್ದ ಫೋಲ್ಡರ್ ಆರಿಸಿ ಪಟ್ಟಿ ನೋಡಿ. ನೀವು ಬುಟ್ಟಿ ಖಾಲಿ ಮಾಡಿದ ಹೊತ್ತಿಗಿಂತ ಹಿಂದಿನವೆಲ್ಲ ಹೋಗಬೇಕು, ಬುಟ್ಟಿಯೂ ಅದೇ ಫೋಲ್ಡರ್‌ನ ಒಳಗೇ ಇರುವುದರಿಂದ ಸ್ನ್ಯಾಪ್‌ಶಾಟ್ ಅದನ್ನೂ ಹಿಡಿದಿರುತ್ತದೆ. ಅದೇ ಫೋಲ್ಡರ್‌ನಲ್ಲಿ ಮುಖ್ಯ ಕಾಗದಪತ್ರ ಇದ್ದರೆ ಅವಕ್ಕೆ ಬೇರೆ ಬ್ಯಾಕಪ್ ಇದೆಯೇ ಅಂತ ಖಾತ್ರಿ ಮಾಡಿಕೊಂಡೇ ಕೈ ಹಾಕಿ. ಫೈಲ್‌ಗಳನ್ನೆಲ್ಲ ಬೀಗ ಹಾಕಿ ದುಡ್ಡು ಕೇಳುವ ವೈರಸ್ ಬಂದಾಗ ಕಾಯುವುದು ಈ ಸ್ನ್ಯಾಪ್‌ಶಾಟ್‌ಗಳೇ. ಲಾಕ್ ಮಾಡಿದ್ದಿದ್ದರೆ ಅದು ತಾನಾಗಿ ಹೋಗುವುದಿಲ್ಲ, ಲಾಕ್ ತೆಗೆದು ಅಳಿಸಿ. ಇಮ್ಯೂಟಬಲ್ (ಯಾರೂ ಬದಲಿಸಲಾಗದ್ದು) ಅಂತ ಇಟ್ಟಿದ್ದರೆ ಅದರ ಅವಧಿ ಮುಗಿಯುವವರೆಗೆ ಅಡ್ಮಿನ್‌ನಿಂದಲೂ ಆಗದು, ಕಾಯುವುದೊಂದೇ ದಾರಿ. ತೆಗೆದ ತಕ್ಷಣ ಅಂಕಿ ಇಳಿಯದಿದ್ದರೆ ಗಾಬರಿ ಬೇಡ. ಬ್ಲಾಕ್‌ಗಳನ್ನು ಬಿಡಿಸುವ ಕೆಲಸ ಹಿಂದೆ ನಿಧಾನಕ್ಕೆ ನಡೆಯುತ್ತಿರುತ್ತದೆ, ಕೆಲವು ಗಂಟೆಯೂ ಹಿಡಿಯಬಹುದು. ಆ ಹೊತ್ತಲ್ಲಿ ಬಾಕ್ಸನ್ನು ಆಫ್ ಮಾಡಬೇಡಿ, ಕರೆಂಟ್ ಹೋಗುವ ಮನೆಯಾದರೆ ಯುಪಿಎಸ್ ಮೇಲಿರಲಿ.

ಮುಂದಕ್ಕೆ ನಾನು ಹೇಳುವುದು ಇಷ್ಟು: ಸಿನಿಮಾಗಳಿಗೆ ಪ್ರತ್ಯೇಕ ಶೇರ್ಡ್ ಫೋಲ್ಡರ್, ಅದಕ್ಕೆ ಸ್ನ್ಯಾಪ್‌ಶಾಟ್ ಬೇಡವೇ ಬೇಡ. ಫೋಟೊ, ಕಾಗದಪತ್ರಕ್ಕೆ ದಿನಕ್ಕೊಂದರಂತೆ 7, ವಾರಕ್ಕೊಂದರಂತೆ 4 ಸಾಕು. ಈಗಿರುವ ಸಿನಿಮಾಗಳನ್ನು ಹೊಸ ಫೋಲ್ಡರ್‌ಗೆ ಸಾಗಿಸುವುದನ್ನು ಮಾತ್ರ ಜಾಗ ಬಿಡುವಾದ ಮೇಲೆ ಮಾಡಿ. ಶೇರ್ಡ್ ಫೋಲ್ಡರ್ ದಾಟಿ ಸಾಗಿಸಿದರೆ ಹೊಸ ಕಡೆ ನಕಲಾಗುತ್ತದೆ, ಹಳೆಯದು ಅಲ್ಲಿನ ಬುಟ್ಟಿಯಲ್ಲೋ ಸ್ನ್ಯಾಪ್‌ಶಾಟ್‌ನಲ್ಲೋ ಉಳಿದು, ಸ್ವಲ್ಪ ದಿನ ಎರಡರಷ್ಟು ಜಾಗ ಹಿಡಿಯಬಹುದು.

ಮನೆಯಲ್ಲಿ ಮ್ಯಾಕ್ ಇದೆ ಅಂದಿದ್ದೀರಲ್ಲ, ಅದರ ಟೈಮ್ ಮಷೀನ್ ಬ್ಯಾಕಪ್ ಬಿಟ್ಟಷ್ಟೂ ಬೆಳೆಯುತ್ತದೆ, ಡಿಸ್ಕ್ ತುಂಬಿದಾಗಲೇ ಹಳೆಯದನ್ನು ಬಿಡುವುದು. ಅದಕ್ಕೊಂದು ಬೇರೆ ಫೋಲ್ಡರ್ ಮಾಡಿ, ಮ್ಯಾಕ್‌ನ ಡಿಸ್ಕ್‌ನ ಎರಡರಷ್ಟು ಕೋಟಾ (ಜಾಗದ ಮಿತಿ) ಹಾಕಿ. ಆ ಫೋಲ್ಡರ್‌ಗೆ ರಿಸೈಕಲ್ ಬಿನ್, ಸ್ನ್ಯಾಪ್‌ಶಾಟ್ ಎರಡೂ ಆಫ್. ಫೈಲ್ ಸಿಂಕ್ ಮಾಡುವ ಸಿನಾಲಜಿ ಡ್ರೈವ್ ಬಳಸುತ್ತಿದ್ದರೆ ಅದರ ಅಡ್ಮಿನ್ ಕನ್ಸೋಲ್‌ನಲ್ಲಿ ಉಳಿಸಿಡುವ ವರ್ಶನ್ (ಫೈಲಿನ ಹಳೆಯ ರೂಪ) ಸಂಖ್ಯೆಯನ್ನೂ 5ಕ್ಕೆ ಇಳಿಸಿ.

ಇಷ್ಟಾದ ಮೇಲೆಯೇ ನಿಜವಾದ ಗುಡಿಸುವಿಕೆ. ಸ್ಟೋರೇಜ್ ಅನಲೈಸರ್ ಪ್ಯಾಕೇಜ್ ಹಾಕಿ ಒಂದು ರಿಪೋರ್ಟ್ ತೆಗೆದರೆ ದೊಡ್ಡ ಫೈಲ್‌ಗಳು, ಒಂದೇ ಫೈಲಿನ ನಕಲುಗಳು ಸಿಗುತ್ತವೆ. ಅಕ್ಷರಶಃ ಒಂದೇ ಆಗಿರುವ ನಕಲನ್ನು ಮಾತ್ರ ಅದು ಹಿಡಿಯುವುದು. ವಾಟ್ಸಾಪ್‌ನಲ್ಲಿ ಕುಗ್ಗಿ ಬಂದ ಅದೇ ಮದುವೆ ಫೋಟೊ ಅದರ ಕಣ್ಣಿಗೆ ಬೇರೆ ಫೈಲ್. ಹಾಗಾಗಿ ಫೋನ್‌ನಿಂದ ಬ್ಯಾಕಪ್ ಆಗುವ ಫೋಲ್ಡರ್‌ಗಳ ಪಟ್ಟಿಯಿಂದ ವಾಟ್ಸಾಪ್ ತೆಗೆದುಬಿಡುವುದು ಲೇಸು, ದಿನಬೆಳಗಾದರೆ ಬರುವ ಶುಭೋದಯದ ಗುಲಾಬಿಗಳನ್ನು ಎರಡು ಡಿಸ್ಕ್‌ನಲ್ಲಿ ಕಾಪಾಡುವ ಅಗತ್ಯ ಯಾರಿಗಿದೆ?

ಸ್ಟೋರೇಜ್ ಮ್ಯಾನೇಜರ್‌ನಲ್ಲಿ 15 ಪರ್ಸೆಂಟ್ ಉಳಿದಾಗಲೇ ಎಚ್ಚರಿಕೆ ಬರುವಂತೆ ಇಡಿ. ಬಿಟಿಆರ್‌ಎಫ್‌ಎಸ್‌ನಲ್ಲಿ ಅಳಿಸುವುದಕ್ಕೂ ಹೊಸದಾಗಿ ಸ್ವಲ್ಪ ಬರೆಯಬೇಕಾಗುತ್ತದೆ, ಪೂರ್ತಿ ತುಂಬಿದರೆ ಅಳಿಸುವುದೇ ನಿಂತುಹೋಗಬಹುದು. ಇಷ್ಟೆಲ್ಲ ಮಾಡಿಯೂ ಸಾಲದಿದ್ದರೆ ದೊಡ್ಡ ಡಿಸ್ಕ್ ಹಾಕಬಹುದು, ಬ್ಯಾಕಪ್ ಇಟ್ಟುಕೊಂಡು, ಒಂದು ಬದಲಿಸಿ, ರಿಪೇರ್ (ಹೊಸ ಡಿಸ್ಕ್‌ಗೆ ನಕಲು ತುಂಬುವ ಕೆಲಸ) ಪೂರ್ತಿ ಮುಗಿದ ಮೇಲೆ ಇನ್ನೊಂದು. ಒಂದೇ ಡಿಸ್ಕ್ ಬದಲಿಸಿ ನಿಲ್ಲಿಸಿದರೆ ಒಂದು ಜಿಬಿಯೂ ಹೆಚ್ಚುವುದಿಲ್ಲ.