ಹುಟ್ಟು ಮಗುವಿನದು, ಹೆರಿಗೆ ಅಮ್ಮನದು

ಹಾಸನದಿಂದ ಪತ್ರ ಬರೆದ ಓದುಗರೇ, ನಮಸ್ಕಾರ.

ಎಂಟನೇ ಕ್ಲಾಸಿನ ನಿಮ್ಮ ಮಗಳು ಪ್ರಬಂಧದಲ್ಲಿ ‘ಮೈ ಮದರ್ ಗೇವ್ ಎ ಬರ್ತ್ ಟು ಮಿ’ ಎಂದು ಬರೆದಳು, ಟೀಚರ್ ಕೆಂಪು ಗೆರೆ ಎಳೆದರು, ಕಾರಣ ಮಾತ್ರ ಹೇಳಲಿಲ್ಲ, ಈ ಬರ್ತ್ ಯಾವ ಪದದ ಜೊತೆ ಹೇಗೆ ಬರುತ್ತದೆ ತಿಳಿಸಿ ಎಂದು ಕೇಳಿದ್ದೀರಿ.

ಮೊದಲು ಆ ವಾಕ್ಯ. ಅಲ್ಲಿ ‘ಎ’ ಬೇಡ. ‘ಗೇವ್ ಬರ್ತ್ ಟು ಮಿ’ ಅಂದರೆ ಸಾಕು. ತನ್ನ ಬಗ್ಗೆ ಬರೆಯುವಾಗ ‘ಐ ವಾಸ್ ಬಾರ್ನ್ ಇನ್ ಹಾಸನ್’ ಇನ್ನೂ ಸಹಜ. ನಾವು ‘ಹುಟ್ಟಿದೆ’ ಎಂದು ಒಂದೇ ಪದದಲ್ಲಿ ಮುಗಿಸುತ್ತೇವೆ, ಅದೇ ರೂಢಿಯಲ್ಲಿ ‘ಐ ಬಾರ್ನ್’ ಅಂದುಬಿಡುತ್ತೇವೆ. ಆದರೆ ಬಾರ್ನ್ ಬಂದಿರುವುದು ಹೆರು ಎಂಬ ಅರ್ಥದ ‘ಬೇರ್’ನಿಂದ. ಹೆತ್ತವಳು ಅಮ್ಮ, ನಾವಲ್ಲ. ಅದಕ್ಕೇ ಆ ‘ವಾಸ್’ ಬೇಕು.

ತೊಡಕಿನ ಬೇರು ಇಲ್ಲೇ ಇದೆ ಅಂತ ನನಗೆ ಅನ್ನಿಸುತ್ತದೆ. ಕನ್ನಡದಲ್ಲಿ ಮಗುವಿಗೆ ಹುಟ್ಟು, ಅಮ್ಮನಿಗೆ ಹೆರಿಗೆ. ಇಂಗ್ಲಿಷಿನ ಬರ್ತ್ ಎರಡನ್ನೂ ಹೊರುತ್ತದೆ. ಹಾಗಾಗಿ ಯಾವ ಜೋಡಿಪದ ಕಂಡರೂ ಇದು ಯಾರ ಕಡೆಯ ಮಾತು ಎಂದು ಮಗಳು ಕೇಳಿಕೊಳ್ಳಲಿ. ಡೇಟ್ ಆಫ್ ಬರ್ತ್, ಬರ್ತ್‌ಪ್ಲೇಸ್, ಬರ್ತ್ ವೆಯ್ಟ್ ಮಗುವಿನ ಕಡೆಯವು. ಎರಡೂವರೆ ಕಿಲೋಗಿಂತ ಕಡಿಮೆ ತೂಕದ ಕೂಸಿಗೆ ‘ಲೋ ಬರ್ತ್ ವೆಯ್ಟ್’ ಅಂತಾರಲ್ಲ, ಅದೇ. ಹೋಮ್ ಬರ್ತ್, ಚೈಲ್ಡ್‌ಬರ್ತ್ ಅಮ್ಮನ ಕಡೆಯವು: ಮನೆಯಲ್ಲೇ ಹೆರಿಗೆ, ಬರೀ ಹೆರಿಗೆ. ಇದು ಸುಮ್ನೆ ವ್ಯಾಕರಣದ ಮಾತಲ್ಲ. ‘ಡೈಡ್ ಇನ್ ಚೈಲ್ಡ್‌ಬರ್ತ್’ ಎಂದರೆ ಹೆರಿಗೆಯಲ್ಲಿ ತಾಯಿ ತೀರಿಕೊಂಡಳು. ‘ಡೈಡ್ ಅಟ್ ಬರ್ತ್’ ಎಂದರೆ ಹುಟ್ಟುತ್ತಲೇ ಮಗು ಹೋಯಿತು. ಆ ಚೈಲ್ಡ್ ಎಂಬುದನ್ನು ನೋಡಿ ಮಗು ಸತ್ತಿತು ಎಂದು ಅನುವಾದಿಸಿದ ಬರಹಗಳು ನಮ್ಮ ಮೇಜಿಗೂ ಬಂದಿವೆ. ಒಬ್ಬ ತಾಯಿಯ ಸಾವೇ ಅಲ್ಲಿ ಮರೆಯಾಗಿಬಿಡುತ್ತದೆ, ಅದು ನನಗೆ ತುಂಬಾ ನೋವಿನ ವಿಷಯ.

ಬರ್ತ್ ಕಂಟ್ರೋಲ್ ಈ ಲೆಕ್ಕಕ್ಕೆ ಪೂರ್ತಿ ಒಗ್ಗುವುದಿಲ್ಲ. ತಡೆಯುವುದು ಹೆರಿಗೆಯನ್ನಲ್ಲ, ಬಸಿರನ್ನು. ಹೆಂಗಸರಿಗೆ ಬಸಿರು ತಡೆಯುವ ಹಕ್ಕು ಬೇಕೆಂದು ಹೋರಾಡಿದ ಅಮೆರಿಕದ ಮಾರ್ಗರೆಟ್ ಸ್ಯಾಂಗರ್ 1914ರಲ್ಲಿ ಬಳಕೆಗೆ ತಂದ ಮಾತು ಅದು. 1930ರಲ್ಲಿ ನಮ್ಮ ಮೈಸೂರು ಸಂಸ್ಥಾನದ ಸರ್ಕಾರ ತಾನೇ ಬರ್ತ್ ಕಂಟ್ರೋಲ್ ಕ್ಲಿನಿಕ್‌ಗಳನ್ನು ತೆರೆಯಿತು. ಆ ಕಾಲಕ್ಕೆ ಅದು ದೊಡ್ಡ ಧೈರ್ಯ ಅಲ್ವಾ!

ಬರ್ತ್ ರೇಟ್ ಮತ್ತು ಬರ್ತ್ ಸರ್ಟಿಫಿಕೇಟ್ ವಿಷಯದಲ್ಲಿ ಗೊಂದಲ ನಮ್ಮ ಕನ್ನಡದ್ದೇ. ಮೊದಲನೆಯದು ಜನನ ಪ್ರಮಾಣ: ವರ್ಷಕ್ಕೆ ಸಾವಿರ ಜನಕ್ಕೆ ಎಷ್ಟು ಮಕ್ಕಳು ಹುಟ್ಟಿದರು ಎಂಬ ಲೆಕ್ಕ. ಎರಡನೆಯದು ಜನನ ಪ್ರಮಾಣ ಪತ್ರ. ‘ಪ್ರಮಾಣ’ ಎಂಬ ಪದ ಒಂದೇ, ಅಲ್ಲಿ ಅಳತೆ, ಇಲ್ಲಿ ಪುರಾವೆ.

ಬರ್ತ್‌ಮಾರ್ಕ್ ಎಂದರೆ ಹುಟ್ಟುವಾಗಲೇ ಇರುವ, ಇಲ್ಲವೇ ಹುಟ್ಟಿದ ಸ್ವಲ್ಪ ದಿನದಲ್ಲೇ ಕಾಣುವ ಗುರುತು. ಆಮೇಲೆ ಮೂಡುವ ಕರಿ ಚುಕ್ಕೆಗೆ ಮೋಲ್ ಅಂತಾರೆ. ನಮಗೆ ಎರಡೂ ಮಚ್ಚೆಯೇ.

ಕೊನೆಗೆ ಇನ್ನೊಂದು. ರೈಲಿನಲ್ಲಿ ಮಲಗುವ ಬರ್ತ್ ಕನ್ನಡದಲ್ಲಿ ಬರೆದರೆ ಇದೇ ಥರ ಕಾಣುತ್ತದೆ, ಇಂಗ್ಲಿಷಿನಲ್ಲಿ ಹೇಳಿದರೂ ಇದೇ ಥರ ಕೇಳುತ್ತದೆ. ಆದರೆ ಅದಕ್ಕೆ ‘ಬಿ’ ಆದ ಮೇಲೆ ‘ಇ’, ಹುಟ್ಟಿನ ಬರ್ತ್‌ಗೆ ‘ಐ’. ಕೆಂಪು ಗೆರೆ ಯಾವ ಅಕ್ಷರದ ಕೆಳಗಿದೆ, ಮಗಳ ನೋಟ್‌ಬುಕ್ ಒಮ್ಮೆ ತೆರೆದು ನೋಡಿ.

— ಸಂಪಾದಕ