ಪಾರ್ಶ್ವವಾಯು ತಡೆಯಲು ದಿನವೂ ಆಸ್ಪಿರಿನ್ ಬೇಕೆ?

ಪ್ರಶ್ನೆ: ನನ್ನ ತಾಯಿಗೆ 71 ವರ್ಷ, ರಕ್ತದೊತ್ತಡವೊಂದನ್ನು ಬಿಟ್ಟರೆ ಬೇರೆ ಕಾಯಿಲೆಯಿಲ್ಲ. ಪಾರ್ಶ್ವವಾಯು ಬಾರದಿರಲೆಂದು, ನೆರೆಮನೆಯವರ ಮಾತು ಕೇಳಿ ದಿನವೂ ಆಸ್ಪಿರಿನ್ ಮಾತ್ರೆ ನುಂಗತೊಡಗಿದ್ದಾರೆ. ಇದು ಸರಿಯೇ?
— ಓದುಗರೊಬ್ಬರು, ಮಾಟುಂಗಾ, ಮುಂಬಯಿ

ಉತ್ತರ: ನೆರೆಮನೆಯವರ ಮಾತಿಗೆ ಒಂದು ಕಾಲದಲ್ಲಿ ಆಧಾರವಿತ್ತು. 2005ರಲ್ಲಿ ಪ್ರಕಟವಾದ, 45 ಮತ್ತು ಅದಕ್ಕೂ ಹೆಚ್ಚು ವಯಸ್ಸಿನ 39,876 ಮಹಿಳೆಯರನ್ನು ಒಳಗೊಂಡ ಅಮೆರಿಕದ ಅಧ್ಯಯನದಲ್ಲಿ, ದಿನ ಬಿಟ್ಟು ದಿನ 100 ಮಿಲಿಗ್ರಾಂ ಆಸ್ಪಿರಿನ್ ಸೇವಿಸಿದವರಲ್ಲಿ ಪಾರ್ಶ್ವವಾಯು ಶೇ. 17ರಷ್ಟು ಕಡಿಮೆಯಾಗಿತ್ತು, ಆದರೆ ಜಠರ ಮತ್ತು ಕರುಳಿನ ರಕ್ತಸ್ರಾವ ಹೆಚ್ಚಿತ್ತು. ಮುಂದೆ 2018ರಲ್ಲಿ, ಬಹುಪಾಲು 70 ದಾಟಿದ ಆರೋಗ್ಯವಂತ ಸ್ತ್ರೀಪುರುಷರ ಮೇಲೆ ಆಸ್ಟ್ರೇಲಿಯಾ ಮತ್ತು ಅಮೆರಿಕದಲ್ಲಿ ನಡೆದ ಅಧ್ಯಯನದಲ್ಲಿ ನಿತ್ಯಸೇವನೆಯಿಂದ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ, ತೀವ್ರ ರಕ್ತಸ್ರಾವ ಮಾತ್ರ ಹೆಚ್ಚಿತು. ಹೃದ್ರೋಗವಾಗಲಿ ಪಾರ್ಶ್ವವಾಯುವಾಗಲಿ ಹಿಂದೆಂದೂ ಬಾರದವರು 60ರ ನಂತರ ಆಸ್ಪಿರಿನ್ನನ್ನು ಹೊಸದಾಗಿ ಆರಂಭಿಸಬಾರದೆಂದು ಅಮೆರಿಕದ ತಜ್ಞರ ಸಮಿತಿಯೂ 2022ರಲ್ಲಿ ಸಲಹೆ ನೀಡಿದೆ.

ಹತೋಟಿಯಲ್ಲಿಲ್ಲದ ರಕ್ತದೊತ್ತಡವಿದ್ದರೆ ಮಿದುಳಿನಲ್ಲೇ ರಕ್ತ ಸೋರುವ ಭಯವೂ ಇರುತ್ತದೆ, ಅಂದರೆ ತಡೆಯಹೊರಟ ರೋಗವೇ ಬೇರೆ ಬಾಗಿಲಿನಿಂದ ಬಂದಂತೆ. ನನ್ನ ದೃಷ್ಟಿಯಲ್ಲಿ, ನಿಮ್ಮ ತಾಯಿಯವರಿಗೆ ಈ ಮಾತ್ರೆಗಿಂತ ರಕ್ತದೊತ್ತಡದ ಮಾತ್ರೆಯನ್ನು ತಪ್ಪದೆ ಸೇವಿಸುವುದೇ ಹೆಚ್ಚು ರಕ್ಷಣೆ ನೀಡುತ್ತದೆ. ಈ ವಾರವೇ ಅವರನ್ನು ವೈದ್ಯರಲ್ಲಿಗೆ ಕರೆದೊಯ್ದು ಆಸ್ಪಿರಿನ್ ವಿಷಯ ತಿಳಿಸಿ. ಮೊಣಕಾಲು ನೋವಿಗೆಂದು ಬೇರೆ ಗುಳಿಗೆ ನುಂಗುತ್ತಿದ್ದರೆ ಅದನ್ನೂ ಮುಚ್ಚಿಡಬೇಡಿ, ಎರಡೂ ಸೇರಿದರೆ ಹೊಟ್ಟೆಯಲ್ಲಿ ಹುಣ್ಣಾಗುವ ಸಂಭವ ಹೆಚ್ಚು. ಈಗಾಗಲೇ ಪಾರ್ಶ್ವವಾಯು ಅಥವಾ ಹೃದಯಾಘಾತವಾದವರಿಗೆ, ಸ್ಟೆಂಟ್ ಹಾಕಿಸಿಕೊಂಡವರಿಗೆ ಈ ಉತ್ತರ ಅನ್ವಯಿಸುವುದಿಲ್ಲ. ಅವರು ವೈದ್ಯರನ್ನು ಕೇಳದೆ ಆಸ್ಪಿರಿನ್ ನಿಲ್ಲಿಸಬಾರದು.